ವಿದ್ಯಾರ್ಥಿಗೆ ತಕ್ಕ ಲ್ಯಾಪ್‌ಟಾಪನ್ನು ಆರಿಸುವ ಬಗೆ

ನಮ್ಮ ಸೀಮೆಯ ರೈತನು ಸಂತೆಯಲ್ಲಿ ಎತ್ತನ್ನು ಕೊಳ್ಳುವಾಗ ಕೊಂಬಿಗೆ ಬಳಿದ ಬಣ್ಣವನ್ನು ನೋಡಿ ಹಣ ಎಣಿಸುವುದಿಲ್ಲ. ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಎರಡು ಹಲ್ಲಿನದೋ ಬಾಯಿಗೂಡಿದುದೋ ಎಂದು ತಿಳಿಯುತ್ತಾನೆ. ಗೊರಸನ್ನು ಮುಟ್ಟಿ, ನಾಲ್ಕು ಹೆಜ್ಜೆ ನಡೆಸಿ, ಅನಂತರ ಬೆಲೆಯ ಮಾತೆತ್ತುತ್ತಾನೆ. ಇಷ್ಟು ಜಾಣನಾದ ಆ ರೈತನೇ ಮಕ್ಕಳಿಗಾಗಿ ಲ್ಯಾಪ್‌ಟಾಪ್ ಕೊಳ್ಳಲು ಎಮ್ಮಿಗನೂರಿಗೋ ಆದವಾನಿಗೋ ರಾಯಚೂರಿಗೋ ಹೋದಾಗ, ಅಂಗಡಿಯವನು ಮುಂದೆ ಇಟ್ಟುದನ್ನೇ ಹೊತ್ತು ತರುವುದನ್ನು ಕಾಣುತ್ತೇವೆ. ಎತ್ತಿನ ಹಲ್ಲು ಅವನಿಗೆ ಗೊತ್ತು. ಈ ಯಂತ್ರದ ಹಲ್ಲು ಎಲ್ಲಿರುತ್ತದೆಂಬುದು ಗೊತ್ತಿಲ್ಲ. ಅದನ್ನು ತೋರಿಸಿಕೊಡುವುದೇ ಈ ಪಾಠದ ಉದ್ದೇಶ.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ನನ್ನ ಮಗಳಿಗಾಗಿ ಪಟ್ಟಣದ ಅಂಗಡಿಯೊಂದರಲ್ಲಿ ಒಂದು ಲ್ಯಾಪ್‌ಟಾಪನ್ನು ಕೊಂಡೆನು. ತೆಳ್ಳಗೆ, ಹಗುರವಾಗಿ, ನೋಡಲು ಚೆನ್ನಾಗಿತ್ತು, ಬೆಲೆಯೂ ಕಡಿಮೆ, ಜೊತೆಗೊಂದು ಚೀಲ ಉಚಿತ. ಅದರ ಒಳಗಿನ ಉಗ್ರಾಣ ಕೇವಲ 32 ಜಿಬಿ ಎಂಬುದನ್ನು ನಾನು ಕೇಳಲೂ ಇಲ್ಲ. ವರ್ಷ ತುಂಬುವ ಮೊದಲೇ ಯಂತ್ರವು ತನ್ನ ಪರಿಷ್ಕರಣೆಗಳನ್ನು ಇಳಿಸಿಕೊಳ್ಳಲು ಜಾಗವಿಲ್ಲದೆ ಗೋಳಾಡತೊಡಗಿತು. ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನ ಬಂದಾಗ ಅದು ಒಂದು ಪುಟವನ್ನು ತೆರೆಯಲು ಹತ್ತು ನಿಮಿಷ ತೆಗೆದುಕೊಂಡಿತು. ತಂದೆಮಗಳಿಬ್ಬರೂ ಬಸ್ಸು ಹಿಡಿದು ಎಮ್ಮಿಗನೂರಿಗೆ ಹೋಗಿ, ಬಾಗಿಲು ಹಾಕುತ್ತಿದ್ದ ಇಂಟರ್ನೆಟ್ ಕೇಂದ್ರದವರನ್ನು ಬೇಡಿಕೊಂಡು ಅರ್ಜಿ ಸಲ್ಲಿಸಿದೆವು. ಹಿಂದಿರುಗುವಾಗ ಮಗಳು ಏನೂ ಅನ್ನಲಿಲ್ಲ. ಹತ್ತು ಜನರಿಗೆ ಬುದ್ಧಿ ಹೇಳುವ ಉಪಾಧ್ಯಾಯನಿಗೆ ಆ ಮೌನವೇ ಸಾಕಾದ ಶಿಕ್ಷೆಯಾಯಿತು.

1. ಮೊದಲು ಕೆಲಸ, ಅನಂತರ ಯಂತ್ರ

ಅಂಗಡಿಗೆ ಹೊರಡುವ ಮೊದಲು ಒಂದು ಹಾಳೆಯಲ್ಲಿ ಮನೆಯ ಕೆಲಸಗಳನ್ನು ಬರೆದುಕೊಳ್ಳತಕ್ಕದ್ದು. ಪಾಠದ ವೀಡಿಯೋ ನೋಡುವುದು, ಪಠ್ಯಪುಸ್ತಕಗಳ ಪಿಡಿಎಫ್ ಓದುವುದು, ಪ್ರಬಂಧ ಬರೆಯುವುದು, ಲೆಕ್ಕದ ಕೋಷ್ಟಕ ಮಾಡುವುದು, ಅರ್ಜಿ ಸಲ್ಲಿಸುವುದು, ತಂದೆಯವರ ಪಹಣಿ ಮತ್ತು ಬ್ಯಾಂಕಿನ ವ್ಯವಹಾರ: ಸಾಮಾನ್ಯ ಕುಟುಂಬದ ಪಟ್ಟಿ ಇಷ್ಟೇ. ಇದಕ್ಕೆ ದುಬಾರಿ ಯಂತ್ರ ಬೇಕಿಲ್ಲ. ಆಟಗಳಿಗೂ ಚಲನಚಿತ್ರ ಸಂಕಲನಕ್ಕೂ ಬೇಕಾಗುವ ಪ್ರತ್ಯೇಕ ಚಿತ್ರಸಂಸ್ಕಾರಕಕ್ಕಾಗಿ ವಿದ್ಯಾರ್ಥಿಯ ತಂದೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಕಾದುದಿಲ್ಲ.

ಏಳನೆಯ ತರಗತಿಯವರೆಗಿನ ಮಕ್ಕಳಿಗೆ ಸ್ವಂತ ಯಂತ್ರವೇ ಬೇಡವೆಂದು ನನ್ನ ಅಭಿಪ್ರಾಯ. ಅವರಿಗೆ ಬೇಕಾದುದು ಪುಸ್ತಕ, ಆಟದ ಬಯಲು ಮತ್ತು ದುಂಡಗಿನ ಕೈಬರಹ. ಒಂಬತ್ತು, ಹತ್ತನೆಯ ತರಗತಿಗೆ ಬಂದ ಮೇಲೆ ಮನೆಗೊಂದು ಯಂತ್ರವಿದ್ದರೆ ಅಣ್ಣ ತಂಗಿಯರೆಲ್ಲರೂ ಅದರಲ್ಲಿ ಕಲಿಯಬಹುದು.

2. ನೋಡತಕ್ಕ ಹಲ್ಲುಗಳು

ಯಂತ್ರದ ಪೆಟ್ಟಿಗೆಯ ಮೇಲೆ ಅಂಟಿಸಿದ ಚೀಟಿಯಲ್ಲಿ ನಾಲ್ಕು ಸಂಗತಿಗಳನ್ನು ಓದಬೇಕು.

ಮೊದಲನೆಯದು ಸಂಸ್ಕಾರಕ, ಎಂದರೆ ಪ್ರೊಸೆಸರ್. ಇದು ಕೆಲಸ ಮಾಡುವ ಕೈ. ಇಂಟೆಲ್ ಕೋರ್ ಐ3 ಅಥವಾ ಎಎಂಡಿ ರೈಝೆನ್ 3 ದರ್ಜೆಯದು ಶಾಲೆಯ ಕೆಲಸಕ್ಕೆ ಧಾರಾಳವಾಗಿ ಸಾಲುತ್ತದೆ. ಸೆಲೆರಾನ್ ಎಂಬ ಕೆಳದರ್ಜೆಯದು ಒಂದೊಂದೇ ಕೆಲಸವನ್ನು ನಿಧಾನವಾಗಿ ಮಾಡಬಲ್ಲದು. ನಾಲ್ಕು ವರ್ಷ ಹೊರೆ ಹೊರುವ ಶಕ್ತಿ ಅದಕ್ಕಿಲ್ಲ.

ಎರಡನೆಯದು ರ್‍ಯಾಮ್. ಇದು ಬರೆಯುವ ಮೇಜು. ಮೇಜು ಚಿಕ್ಕದಾದರೆ ಎರಡನೆಯ ಪುಸ್ತಕವನ್ನು ತೆರೆಯಲು ಮೊದಲನೆಯದನ್ನು ಮುಚ್ಚಬೇಕು. ವಿಂಡೋಸ್ 11 ನಡೆಯಲು 4 ಜಿಬಿ ಸಾಕೆಂದು ಅದನ್ನು ತಯಾರಿಸಿದವರೇ ಕನಿಷ್ಠ ಮಿತಿ ಹಾಕಿದ್ದಾರೆ. ಆದರೆ ಜೀವ ಹಿಡಿದಿಡುವ ಗಂಜಿ ಬೇರೆ, ಹೊಲದಲ್ಲಿ ದುಡಿಯುವವನ ಊಟ ಬೇರೆ. 8 ಜಿಬಿಗಿಂತ ಕಡಿಮೆಯದನ್ನು ಕೊಳ್ಳಬೇಡಿರಿ. ಮುಂದೆ ಹೆಚ್ಚಿಸಿಕೊಳ್ಳಲು ಒಳಗೆ ಖಾಲಿ ಜಾಗವಿದೆಯೇ ಎಂದೂ ಕೇಳಿರಿ.

ಮೂರನೆಯದು ಉಗ್ರಾಣ. ಇದು ಪುಸ್ತಕಗಳನ್ನು ಇಡುವ ಬೀರು. ಹಳೆಯ ಹಾರ್ಡ್ ಡಿಸ್ಕಿನಲ್ಲಿ ಒಂದು ತಟ್ಟೆ ನಿಮಿಷಕ್ಕೆ ಸಾಮಾನ್ಯವಾಗಿ 5,400 ಸುತ್ತು ತಿರುಗುತ್ತಿರುತ್ತದೆ; ತಿರುಗುತ್ತಿರುವಾಗ ಪೆಟ್ಟು ಬಿದ್ದರೆ ಕೆಡುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಆದುದರಿಂದ ಅದು ವೇಗವಾದುದು, ನಮ್ಮ ರಸ್ತೆಗಳ ಕುಲುಕಾಟವನ್ನೂ ತಡೆದುಕೊಳ್ಳುತ್ತದೆ. ಕನಿಷ್ಠ 256 ಜಿಬಿ, ಕೈಲಾದರೆ 512 ಜಿಬಿ ಇರಲಿ. ಚೀಟಿಯಲ್ಲಿ ಇಎಂಎಂಸಿ ಎಂದು ಬರೆದಿದ್ದರೆ, ಅದು ಫಲಕಕ್ಕೆ ಬೆಸುಗೆ ಹಾಕಿದ ನಿಧಾನಗತಿಯ ಉಗ್ರಾಣವೆಂದು ತಿಳಿಯಿರಿ. ನನಗೆ ಪಾಠ ಕಲಿಸಿದುದು ಅದೇ.

ನಾಲ್ಕನೆಯದು ಬ್ಯಾಟರಿ. ಕರೆಂಟು ಹೋಗುವ ಊರಿನಲ್ಲಿ ಇದನ್ನು ಮರೆಯಬಾರದು. ಬ್ಯಾಟರಿಯ ಶಕ್ತಿಯನ್ನು ವ್ಯಾಟ್-ಗಂಟೆಗಳಲ್ಲಿ ಬರೆದಿರುತ್ತಾರೆ. 42 ವ್ಯಾಟ್-ಗಂಟೆಯ ಬ್ಯಾಟರಿ, ಬರೆಯುವ ಓದುವ ಹಗುರ ಕೆಲಸದಲ್ಲಿ ಯಂತ್ರವು ಸುಮಾರು 8 ವ್ಯಾಟ್ ಉಪಯೋಗಿಸಿದರೆ, 42 ÷ 8, ಎಂದರೆ ಐದೂಕಾಲು ಗಂಟೆ ಬಾಳುತ್ತದೆ. ಭೌತಶಾಸ್ತ್ರದ ಪುಸ್ತಕದಲ್ಲಿ ಓದಿದ ಸೂತ್ರವು ಅಂಗಡಿಯಲ್ಲಿಯೂ ಉಪಯೋಗಕ್ಕೆ ಬರುತ್ತದೆಂಬುದನ್ನು ವಿದ್ಯಾರ್ಥಿಗಳು ಗಮನಿಸಲಿ.

3. ಕನ್ನಡದ ಪರೀಕ್ಷೆ

ಮೇಲಿನ ನಾಲ್ಕನ್ನು ಯಾವ ಊರಿನವರೂ ನೋಡಬೇಕು. ನಾವು ನೋಡಬೇಕಾದ ಐದನೆಯದೊಂದಿದೆ.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ರಚನೆಯಾದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಅಂದಿನಿಂದ ಈ ಗಡಿಯ ಕನ್ನಡ ಮಕ್ಕಳು ಶಾಲೆಯಲ್ಲಿ ಕನ್ನಡವನ್ನೂ ಕಚೇರಿಯಲ್ಲಿ ತೆಲುಗನ್ನೂ ಬರೆಯುತ್ತ ಬಂದಿದ್ದಾರೆ. ನಮ್ಮ ಯಂತ್ರಕ್ಕೆ ಎರಡೂ ಲಿಪಿ ಬರಬೇಕು.

ಗಣಕಯಂತ್ರವು ಅಕ್ಷರವನ್ನು ಅರಿಯದು. ಸಂಖ್ಯೆಯನ್ನು ಮಾತ್ರ ಅರಿಯುತ್ತದೆ. ಯುನಿಕೋಡ್ ಎಂಬ ಲೋಕಸಮ್ಮತವಾದ ಪದ್ಧತಿಯಲ್ಲಿ ಪ್ರತಿಯೊಂದು ಲಿಪಿಯ ಪ್ರತಿಯೊಂದು ಅಕ್ಷರಕ್ಕೂ ಸ್ವಂತ ಸಂಖ್ಯೆಯಿದೆ. 1991ರ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ‘ಅ’ ಎಂಬುದಕ್ಕೆ 3205, ‘ಕ’ ಎಂಬುದಕ್ಕೆ 3221. ‘ಕ್ಷ’ ಎಂದು ಬರೆದರೆ ಯಂತ್ರವು ‘ಕ’ 3221, ‘್’ 3277, ‘ಷ’ 3255 ಎಂಬ ಮೂರು ಸಂಖ್ಯೆಗಳನ್ನು ಸಾಲಾಗಿ ಇಟ್ಟುಕೊಳ್ಳುತ್ತದೆ. ಒತ್ತಕ್ಷರದ ರೂಪವನ್ನು ತೆರೆಯ ಮೇಲೆ ತಾನೇ ಕಟ್ಟುತ್ತದೆ. ವ್ಯಾಕರಣದಲ್ಲಿ ನಾವು ಬಿಡಿಸಿ ಬರೆಯುವ ಹಾಗೆಯೇ ಇದೆಯಲ್ಲವೆ?

ಹಿಂದಿನ ತಂತ್ರಾಂಶಗಳಲ್ಲಿ ಹೀಗಿರಲಿಲ್ಲ. ಇಂಗ್ಲಿಷ್ ಅಕ್ಷರಗಳ ಸಂಖ್ಯೆಗೆ ಕನ್ನಡದ ಚಿತ್ರವನ್ನು ಹೊದಿಸುತ್ತಿದ್ದರು. ಅಂತಹ ಹಳೆಯ ಅಕ್ಷರಶೈಲಿಯಲ್ಲಿ ನಾನು ಒಮ್ಮೆ ಪ್ರಶ್ನಪತ್ರಿಕೆಯನ್ನು ಸಿದ್ಧಪಡಿಸಿ ಬೇರೆ ಊರಿನ ಗೆಳೆಯರಿಗೆ ಕಳುಹಿಸಿದೆನು. ಅವರ ಯಂತ್ರದಲ್ಲಿ ಆ ಶೈಲಿ ಇರಲಿಲ್ಲ. ಪ್ರಶ್ನೆಗಳ ಬದಲು ಇಂಗ್ಲಿಷ್ ಅಕ್ಷರಗಳ ರಾಶಿ ಕಾಣಿಸಿತು. ಇಂದು ನುಡಿ, ಬರಹ ಮುಂತಾದ ತಂತ್ರಾಂಶಗಳಲ್ಲಿಯೂ ಯುನಿಕೋಡಿನಲ್ಲಿ ಬರೆಯಬಹುದು. ಮಕ್ಕಳು ಮೊದಲಿನಿಂದಲೇ ಯುನಿಕೋಡಿನಲ್ಲಿ ಬರೆಯಲಿ. ಹಾಗೆ ಬರೆದುದು ಎಲ್ಲಿಗೆ ಹೋದರೂ ಕನ್ನಡವಾಗಿಯೇ ಉಳಿಯುತ್ತದೆ.

ಅಂಗಡಿಯಲ್ಲಿಯೇ ಕನ್ನಡ ಭಾಷೆಯನ್ನು ಸೇರಿಸಲು ಹೇಳಿ, ‘ಶಾಸ್ತ್ರ, ರಾಷ್ಟ್ರ, ಕಾರ್ಯ, ಜ್ಞಾನ, ಉತ್ಸಾಹ’ ಎಂದು ನೀವೇ ಬರೆದು ನೋಡಿರಿ. ಒತ್ತುಗಳು ಸರಿಯಾಗಿ ಕೂರುತ್ತವೆಯೇ, ಕೀಲಿಗಳು ಬೆರಳಿಗೆ ಹಿತವಾಗಿವೆಯೇ, ಅಕ್ಷರ ಸ್ಫುಟವಾಗಿದೆಯೇ ಎಂಬ ಮೂರೂ ಒಂದೇ ಸಲಕ್ಕೆ ತಿಳಿಯುತ್ತವೆ. ತೆರೆಯು 1920 ಕ್ಕೆ 1080 ಬಿಂದುಗಳದಾಗಿದ್ದರೆ ನಮ್ಮ ಒತ್ತಕ್ಷರಗಳು ಕಣ್ಣಿಗೆ ಆಯಾಸವಿಲ್ಲದೆ ಕಾಣುತ್ತವೆ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ಕನ್ನಡ ಅಕ್ಷರಶೈಲಿಯ ಹೆಸರು ‘ತುಂಗಾ’. ತುಂಗಭದ್ರೆಯ ದಡದವರಾದ ನಮಗೆ ಈ ಮಾತು ಕೇಳಲು ಹಿತ.

ಕೀಲಿಮಣೆಯ ವಿನ್ಯಾಸಗಳಲ್ಲಿ ಎರಡು ಮುಖ್ಯವಾದುವು. ಒಂದು ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸ. ಕರ್ನಾಟಕದಲ್ಲಿ ಬಹಳವಾಗಿ ಬಳಕೆಯಲ್ಲಿದೆ. ಇನ್ನೊಂದು ಇನ್‌ಸ್ಕ್ರಿಪ್ಟ್, ಇದರಲ್ಲಿ ಕನ್ನಡದ ‘ಕ’ ಇರುವ ಕೀಲಿಯಲ್ಲಿಯೇ ತೆಲುಗಿನ ಮತ್ತು ಹಿಂದಿಯ ‘ಕ’ ಇದೆ. ಒಮ್ಮೆ ಬೆರಳು ಪಳಗಿದರೆ ಮೂರು ಭಾಷೆ ಕೈಗೆ ಬರುತ್ತವೆ. ಗಡಿಯ ಮಕ್ಕಳಿಗೆ ಇದಕ್ಕಿಂತ ಲಾಭದ ವಿದ್ಯೆ ಕಡಿಮೆ.

4. ಹಣದ ಲೆಕ್ಕ

ಬೆಲೆಗಳು ಬದಲಾಗುವುದರಿಂದ ಇಲ್ಲಿ ಬೆಲೆಯ ಪಟ್ಟಿ ಕೊಡುವುದಿಲ್ಲ. ಲೆಕ್ಕದ ರೀತಿಯನ್ನು ಮಾತ್ರ ಹೇಳುತ್ತೇನೆ. 25,000 ರೂಪಾಯಿಯ ಯಂತ್ರವು ಎರಡು ವರ್ಷಕ್ಕೆ ಮೂಲೆ ಸೇರಿದರೆ ತಿಂಗಳಿಗೆ ಸುಮಾರು 1,042 ರೂಪಾಯಿ ಬಿದ್ದಂತಾಯಿತು. 40,000 ರೂಪಾಯಿಯದು ಐದು ವರ್ಷ ದುಡಿದರೆ ತಿಂಗಳಿಗೆ ಸುಮಾರು 667 ರೂಪಾಯಿ. ಅಗ್ಗವಾದುದು ಯಾವುದೆಂದು ಮಕ್ಕಳೇ ಹೇಳಲಿ.

ಆದರೆ ಆ 40,000ವನ್ನು ನೂರಕ್ಕೆ ತಿಂಗಳಿಗೆ ಎರಡು ರೂಪಾಯಿಯ ಬಡ್ಡಿಗೆ ತಂದರೆ ತಿಂಗಳಿಗೆ 800, ವರ್ಷಕ್ಕೆ 9,600 ರೂಪಾಯಿ ಬಡ್ಡಿಯೇ ಆಗುತ್ತದೆ. ಹತ್ತಿಯ ಹಣ ಕೈಗೆ ಬರುವವರೆಗೆ ಕಾಯುವುದು ಲೇಸು. ಮಗುವಿನ ಓದಿಗೆಂದು ಮಾಡಿದ ಸಾಲವು ಮಗುವನ್ನೇ ಓದು ಬಿಡಿಸಿ ಕೂಲಿಗೆ ಕಳುಹಿಸುವಂತೆ ಆಗಬಾರದು.

ಬಳಸಿದ ಯಂತ್ರವನ್ನು ಕೊಳ್ಳುವುದರಲ್ಲಿ ಅವಮಾನವಿಲ್ಲ. ಕಂಪೆನಿಗಳಲ್ಲಿ ಬಳಸಿ ದುರಸ್ತಿ ಮಾಡಿದವು ಹಲವು ವೇಳೆ ಗಟ್ಟಿಯಾಗಿರುತ್ತವೆ. ಎರಡನ್ನು ಪರೀಕ್ಷಿಸಿರಿ. ವಿಂಡೋಸ್ 10ಕ್ಕೆ ಉಚಿತ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆದುದರಿಂದ ವಿಂಡೋಸ್ 11 ನಡೆಸಬಲ್ಲ, ಇಂಟೆಲ್ ಆದರೆ ಎಂಟನೆಯ ಪೀಳಿಗೆ ಅಥವಾ ಅದರ ಮುಂದಿನ ಸಂಸ್ಕಾರಕವಿರಬೇಕು. ಬ್ಯಾಟರಿಯ ವರದಿಯನ್ನು ತೆರೆಸಿ ನೋಡಬೇಕು. ಹೊಸದರಲ್ಲಿ 42 ವ್ಯಾಟ್-ಗಂಟೆ ಇದ್ದುದು ಈಗ 25ಕ್ಕೆ ಇಳಿದಿದ್ದರೆ ಸುಮಾರು ಶೇಕಡಾ 60 ಮಾತ್ರ ಉಳಿದಿದೆಯೆಂದು ತಿಳಿದು ಬೆಲೆಯನ್ನು ಇಳಿಸಿ ಕೇಳಬೇಕು. ಬರಹಕ್ಕೂ ಲೆಕ್ಕಕ್ಕೂ ಲಿಬ್ರೆ ಆಫೀಸ್ ಎಂಬ ತಂತ್ರಾಂಶವು ಉಚಿತವಾಗಿ ದೊರೆಯುತ್ತದೆ. ಅದಕ್ಕಾಗಿ ಹಣ ಕೊಡಬೇಕಾದುದಿಲ್ಲ. ಹೊಸದಾಗಲಿ ಹಳೆಯದಾಗಲಿ, ಯಂತ್ರದ ಸಂಖ್ಯೆ ಬರೆದ ರಸೀದಿಯಿಲ್ಲದೆ ಹಣ ಕೊಡಕೂಡದು. ದುರಸ್ತಿಯ ಕೇಂದ್ರವು ಹತ್ತಿರದ ಯಾವ ಪಟ್ಟಣದಲ್ಲಿದೆ ಎಂದು ಮೊದಲೇ ಕೇಳಿಡಿರಿ.

5. ತಂದ ಮೇಲೆ

ಬೇಸಿಗೆಯ ಬಿಸಿಲಿನಲ್ಲಿ, ಹಾಸಿಗೆಯ ಮೇಲೆ, ಧೂಳಿನ ಕಟ್ಟೆಯ ಮೇಲೆ ಇಟ್ಟು ಬಳಸಬಾರದು. ಗಾಳಿಯ ಕಿಂಡಿ ಮುಚ್ಚಿದರೆ ಯಂತ್ರ ಕಾಯುತ್ತದೆ. ಗುಡುಗು ಮಿಂಚು ಬಂದಾಗ ಗೋಡೆಯ ತಂತಿಯನ್ನು ತೆಗೆಯಬೇಕು. ಮುಖ್ಯವಾದ ಕಡತಗಳ ಇನ್ನೊಂದು ಪ್ರತಿಯನ್ನು ಬೇರೆಡೆ ಇಡಬೇಕು. 2009ರ ಅಕ್ಟೋಬರಿನಲ್ಲಿ ತುಂಗಭದ್ರೆ ಉಕ್ಕಿ ಮಂತ್ರಾಲಯ, ಕರ್ನೂಲುಗಳು ಮುಳುಗಿದುದನ್ನು ಕಂಡ ದಡದ ಜನರಿಗೆ, ಒಂದೇ ಪೆಟ್ಟಿಗೆಯಲ್ಲಿ ಎಲ್ಲವನ್ನೂ ಇಡಬಾರದೆಂದು ಬೇರೆಯವರು ಹೇಳಬೇಕೆ?

ವಿದ್ಯಾರ್ಥಿಗಳೆ, ಯಂತ್ರವು ನಿಮಗೆ ಬದಲಾಗಿ ಓದಲಾರದು. ತಂದೆತಾಯಿಗಳ ಒಂದು ಬೆಳೆಯ ದುಡಿಮೆ ಅದರೊಳಗಿದೆ. ಅದನ್ನು ತೆರೆದಾಗಲೆಲ್ಲ, ಅವರು ಹೊಲದಿಂದ ಬಂದು ಕೇಳಿದರೆ ಇಂದು ಕಲಿತುದೇನೆಂದು ಹೇಳಲು ಒಂದು ಸಂಗತಿಯಾದರೂ ನಿಮ್ಮಲ್ಲಿರಲಿ.

ಅಭ್ಯಾಸ

1. ನಿಮ್ಮ ಮನೆಯಲ್ಲಿ ಗಣಕಯಂತ್ರದಿಂದ ಆಗಬೇಕಾದ ಕೆಲಸಗಳ ಪಟ್ಟಿ ಮಾಡಿರಿ. ಅವುಗಳಲ್ಲಿ ಮೊಬೈಲಿನಿಂದಲೇ ಆಗುವಂಥವನ್ನು ಹೊಡೆದು ಹಾಕಿರಿ.
2. ರ್‍ಯಾಮಿಗೂ ಉಗ್ರಾಣಕ್ಕೂ ಇರುವ ವ್ಯತ್ಯಾಸವನ್ನು ತಾಯಿಗೆ ತಿಳಿಯುವಂತೆ ಹೇಳಿರಿ.
3. 50 ವ್ಯಾಟ್-ಗಂಟೆಯ ಬ್ಯಾಟರಿಯು 10 ವ್ಯಾಟ್ ಬಳಸುವ ಯಂತ್ರವನ್ನು ಎಷ್ಟು ಗಂಟೆ ನಡೆಸೀತು?
4. 36,000 ರೂಪಾಯಿಯ ಯಂತ್ರವು ನಾಲ್ಕು ವರ್ಷ ಬಾಳಿದರೆ ತಿಂಗಳಿಗೆ ಬೀಳುವ ವೆಚ್ಚವೆಷ್ಟು?
5. ‘ಅಕ್ಕ’ ಎಂಬ ಪದವನ್ನು ಯಂತ್ರವು ಎಷ್ಟು ಸಂಖ್ಯೆಗಳಾಗಿ ಇಟ್ಟುಕೊಳ್ಳುತ್ತದೆ? ಅವು ಯಾವುವು?