ಅಮ್ಮನ ಕೂಲಿ ಮತ್ತು ಕಲಂ 135ಬಿ: ಒಂದು ಪಾಠದ ತಿದ್ದುಪಡಿ

ಬೋಧನಾಭ್ಯಾಸದ ಮೂರನೆಯ ವಾರ 9ನೇ ತರಗತಿಗೆ ನಾನು ಆಯ್ದುಕೊಂಡ ಪಾಠಾಂಶ ‘ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಯಾರು ಮತ ಹಾಕಬಹುದು?’. ಅದೊಂದು ಹಳ್ಳಿಯ ಪ್ರೌಢಶಾಲೆ. ಹಲವು ಮಕ್ಕಳ ತಾಯಂದಿರು ದಿನಾ ಬೆಳಿಗ್ಗೆ ಪಕ್ಕದ ಪಟ್ಟಣದ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಪಾಠಯೋಜನೆಯ ‘ಪೂರ್ವಜ್ಞಾನ’ದ ಭಾಗದಲ್ಲಿ ನಾನು ಇದನ್ನು ಬರೆದಿರಲಿಲ್ಲ. ಪಾಠ ಎಡವಿದ್ದು ಅಲ್ಲಿಯೇ.

ಪೀಠಿಕಾ ಪ್ರಶ್ನೆಗೆ ತರಗತಿಯೆಲ್ಲ ಒಂದೇ ಉತ್ತರ ಕೊಟ್ಟಿತು: ‘18 ವರ್ಷ ತುಂಬಿದವರು.’ ಸಂವಿಧಾನದ 61ನೇ ತಿದ್ದುಪಡಿಯಿಂದ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದನ್ನು ತಿಳಿಸಿ, ವಯಸ್ಸೊಂದೇ ಸಾಕೇ ಎಂದು ಕೇಳಿದೆ. ಗುಂಪುಗಳಿಗೆ ನಾಲ್ಕು ಸನ್ನಿವೇಶ ಚೀಟಿಗಳನ್ನು ಹಂಚಿದೆ.

1. ಫೆಬ್ರವರಿ 12ಕ್ಕೆ 18 ತುಂಬಿದ ಯುವತಿ ಮುಂದಿನ ಜನವರಿಯವರೆಗೆ ಕಾಯಬೇಕೆ? ಬೇಕಿಲ್ಲ. ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ 1ನೇ ತಾರೀಖು ಅರ್ಹತಾ ದಿನಾಂಕಗಳು.

2. ಊರಿನಲ್ಲಿ ಮನೆ, ತೋಟ ಇದ್ದೂ ಮೈಸೂರಿನಲ್ಲಿಯೇ ನೆಲೆಸಿರುವವರು? ಮನೆ ಹೊಂದಿರುವ ಮಾತ್ರಕ್ಕೆ ಆ ಊರಿನ ‘ಸಾಮಾನ್ಯ ನಿವಾಸಿ’ ಆಗುವುದಿಲ್ಲ.

3. ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು ಕೆಲವು ತಿಂಗಳ ಕೆಲಸಕ್ಕೆ ಬೆಂಗಳೂರಿಗೆ ಹೋದವರು? ತಾತ್ಕಾಲಿಕವಾಗಿ ಊರಲ್ಲಿಲ್ಲ ಎಂಬ ಕಾರಣಕ್ಕೇ ನಿವಾಸ ತಪ್ಪುವುದಿಲ್ಲ.

4. ದಿನಾ ಪಟ್ಟಣದಿಂದ ಬಂದು ನಮ್ಮ ಪಂಚಾಯಿತಿ ಕಚೇರಿಯಲ್ಲಿ ಕೆಲಸ ಮಾಡುವ ನೌಕರರು? ಮತ ಇರುವುದು ವಾಸದ ಊರಿನಲ್ಲಿ, ಕೆಲಸದ ಊರಿನಲ್ಲಲ್ಲ.

ಪಂಚಾಯಿತಿಗೆಂದು ಹೆಸರನ್ನು ಬೇರೆಯಾಗಿ ನೋಂದಾಯಿಸುವುದಿಲ್ಲ. ವಿಧಾನಸಭೆಯ ಮತದಾರರ ಪಟ್ಟಿಯಲ್ಲಿ ಆ ಪ್ರದೇಶಕ್ಕೆ ಸೇರಿದ ಭಾಗವೇ ಇಲ್ಲಿಗೂ ಆಧಾರ. ಆದ್ದರಿಂದ ಗುರುತಿನ ಚೀಟಿ ಕೈಯಲ್ಲಿದ್ದರೆ ಸಾಲದು, ಹೆಸರು ಪಟ್ಟಿಯಲ್ಲಿರಬೇಕು. ಚೀಟಿಗಳ ಚರ್ಚೆಯಿಂದ ಮಕ್ಕಳೇ ಈ ತೀರ್ಮಾನಕ್ಕೆ ಬಂದರು. ಇಲ್ಲಿಯವರೆಗೆ ಪಾಠ ಸರಾಗವಾಗಿ ಸಾಗಿತ್ತು.

ಆಗ ಕಿಟಕಿಯ ಬಳಿಯ ಹುಡುಗಿ ಎದ್ದು ನಿಂತಳು. ‘ಮಿಸ್, ಪಂಚಾಯ್ತಿ ಎಲೆಕ್ಷನ್ ದಿನ ಅಮ್ಮ ಓಟು ಹಾಕೋಕೆ ಉಳಕೊಂಡ್ರೆ ಆವತ್ತಿನ ಸಂಬಳ ಹಿಡೀತಾರಾ?’

ನಾನು ತಡವರಿಸದೆ ಹೇಳಿದೆ: ‘ಹಿಡಿಯೋ ಹಾಗಿಲ್ಲ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 135ಬಿ ಕಲಂ ಪ್ರಕಾರ ಮತದಾನದ ದಿನ ವೇತನಸಹಿತ ರಜೆ ಕೊಡಲೇಬೇಕು.’ ಹುಡುಗಿ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಅವಧಿ ಮುಗಿದ ಮೇಲೆ ಮಾರ್ಗದರ್ಶಕ ಶಿಕ್ಷಕರು ಅವಲೋಕನ ಪುಸ್ತಕ ಕೊಡುತ್ತಾ ಕೇಳಿದರು: ‘ಆ ಕಲಂನಲ್ಲಿ ಯಾವ ಚುನಾವಣೆಗಳ ಹೆಸರಿದೆ, ಓದಿದ್ದೀರಾ?’ ನಾನು ಓದಿರಲಿಲ್ಲ. ಸಂಜೆ ಓದಿದೆ. ಅಲ್ಲಿರುವುದು ಲೋಕಸಭೆ ಮತ್ತು ವಿಧಾನಸಭೆ ಮಾತ್ರ. ಆ ಚುನಾವಣೆಗಳಲ್ಲಿ ದಿನಗೂಲಿಯವರಿಗೂ ವೇತನ ಸಿಗಬೇಕು. ತಪ್ಪಿದ ಮಾಲೀಕರಿಗೆ 500 ರೂಪಾಯಿವರೆಗೆ ದಂಡವಿದೆ. ಗೈರುಹಾಜರಿಯಿಂದ ಅಪಾಯ ಅಥವಾ ಭಾರಿ ನಷ್ಟ ಆಗಬಹುದಾದ ಕೆಲಸಗಳಿಗೆ ವಿನಾಯಿತಿಯೂ ಇದೆ. ಪಂಚಾಯಿತಿ ಚುನಾವಣೆ ನಡೆಸುವುದು ಸಂವಿಧಾನದ 243ಕೆ ವಿಧಿಯಡಿಯ ರಾಜ್ಯ ಚುನಾವಣಾ ಆಯೋಗ. ಅಲ್ಲಿ ರಜೆಯ ವಿಷಯಕ್ಕೆ ಆಯಾ ಚುನಾವಣೆಗೆ ಸರ್ಕಾರ ಹೊರಡಿಸುವ ಆದೇಶವನ್ನು ನೋಡಬೇಕು.

ಇದು ಅಂಕ ಕಳೆಯುವಂಥ ಸಣ್ಣ ತಪ್ಪಲ್ಲ. ನನ್ನ ಮಾತು ನಂಬಿ ಆ ತಾಯಿ ಕೆಲಸ ತಪ್ಪಿಸಿದ್ದರೆ ಹೋಗುತ್ತಿದ್ದುದು ಅವರ ಒಂದು ದಿನದ ಕೂಲಿ.

ಮರುದಿನ ಹೊಸ ಪಾಠ ಆರಂಭಿಸುವ ಮೊದಲು ‘ನಿನ್ನೆ ನಾನು ತಪ್ಪು ಹೇಳಿದೆ’ ಎಂದೆ. ಕಪ್ಪುಹಲಗೆಯನ್ನು ಎರಡು ಭಾಗ ಮಾಡಿ, ಒಂದು ಕಡೆ ಲೋಕಸಭೆ ಮತ್ತು ವಿಧಾನಸಭೆ, ಇನ್ನೊಂದು ಕಡೆ ಸ್ಥಳೀಯ ಸಂಸ್ಥೆಗಳೆಂದು ಬರೆದೆ. ಮತದಾರರ ಪಟ್ಟಿಯ ಆಧಾರ ಎರಡು ಕಡೆಯೂ ಒಂದೇ. ಚುನಾವಣೆ ನಡೆಸುವ ಆಯೋಗ ಬೇರೆ, ರಜೆಯ ಆಧಾರ ಬೇರೆ. ಆದೇಶ ಬಂದಾಗ ಕೇಳಬೇಕಾದ ಪ್ರಶ್ನೆಗಳನ್ನು ಮಕ್ಕಳೇ ಹೇಳಿದರು: ಯಾವ ಪ್ರದೇಶಕ್ಕೆ ಅನ್ವಯ? ಖಾಸಗಿ ಕಾರ್ಖಾನೆ ಸೇರಿದೆಯೇ? ಮತ ಈ ಊರಿನಲ್ಲಿ, ಕೆಲಸ ಬೇರೆ ಊರಿನಲ್ಲಿ ಇರುವವರಿಗೂ ರಜೆಯೇ? ವೇತನ ಸಿಗುತ್ತದೆಯೇ? ಹುಡುಗಿ ಹಳೆಯ ಸಾಲನ್ನು ಹೊಡೆದುಹಾಕಿ ನಾಲ್ಕೂ ಪ್ರಶ್ನೆಗಳನ್ನು ಬರೆದುಕೊಂಡಳು.

ಪಾಠಯೋಜನೆಯನ್ನು ಈಗ ತಿದ್ದಿದ್ದೇನೆ. ಪೂರ್ವಜ್ಞಾನದಲ್ಲಿ ಮಕ್ಕಳ ಮನೆಯವರ ದುಡಿಮೆಯನ್ನು ಸೇರಿಸಿದ್ದೇನೆ. ‘ಮತದಾನದ ರಜೆ’ಗೆ ಐದನೆಯ ಚೀಟಿ ಬಂದಿದೆ. ಕಾನೂನಿನ ಕಲಂ ಉದ್ಧರಿಸುವ ಮುನ್ನ ಅದು ಯಾವುದಕ್ಕೆ ಅನ್ವಯಿಸುತ್ತದೆ ಎಂಬ ಸಾಲನ್ನು ಓದಿಯೇ ತರಗತಿಗೆ ಹೋಗುತ್ತೇನೆ. ಓದಿರದಿದ್ದರೆ ‘ನಾಳೆ ನೋಡಿ ಹೇಳುತ್ತೇನೆ’ ಎನ್ನುತ್ತೇನೆ. ಪೌರನೀತಿ ಪಾಠದಲ್ಲಿ ನಾವು ಕೊಡುವ ಉತ್ತರ ಸಂಜೆ ಮಕ್ಕಳ ಜೊತೆ ಮನೆಗೂ ಹೋಗುತ್ತದೆ ಎಂಬುದನ್ನು ಸಹ ಪ್ರಶಿಕ್ಷಣಾರ್ಥಿಗಳು ನೆನಪಿಡಬೇಕು.