‘ಸಾಧ್ಯವಿಲ್ಲ’ ಎಂದ ಮೇಲೂ ಉಳಿದ ಪ್ರಶ್ನೆ

ತರಗತಿ: 9
ವಿಷಯ: ಗಣಿತ (ಪೂರಕ ಪಾಠ)
ಘಟಕ: ಜಾಲಾಕೃತಿಗಳು
ಅವಧಿ: 40 ನಿಮಿಷಗಳ ಎರಡು ಪಾಠಗಳು

ಮೊದಲ ಪಾಠ

ಬೋಧನಾಭ್ಯಾಸದ ಮೂರನೇ ವಾರ ನಾನು ಜಾಲಾಕೃತಿಯ ಪಾಠ ತೆಗೆದುಕೊಂಡೆ. ಕೆಲವು ಚುಕ್ಕಿಗಳು, ಅವುಗಳನ್ನು ಜೋಡಿಸುವ ಗೆರೆಗಳು. ಇಷ್ಟಿದ್ದರೆ ಅದು ಜಾಲಾಕೃತಿ. ಒಂದು ಚುಕ್ಕಿಗೆ ಎಷ್ಟು ಗೆರೆಗಳು ಬಂದು ಸೇರುತ್ತವೆಯೋ ಅದು ಆ ಚುಕ್ಕಿಯ ದರ್ಜೆ. ದರ್ಜೆ ಬೆಸಸಂಖ್ಯೆಯಾದರೆ ಬೆಸ ಚುಕ್ಕಿ, ಸಮಸಂಖ್ಯೆಯಾದರೆ ಸಮ ಚುಕ್ಕಿ.

ಪೀಠಿಕೆಗೆ ಕೋನಿಗ್ಸ್‌ಬರ್ಗ್ ಸೇತುವೆಗಳ ಕಥೆ ಹೇಳಿದೆ. ಇಂದು ರಷ್ಯಾದ ಕಲಿನಿನ್‌ಗ್ರಾಡ್ ಎನಿಸಿಕೊಂಡಿರುವ ಆ ಊರಿನಲ್ಲಿ ಪ್ರೆಗೆಲ್ ನದಿಯ ಮೇಲೆ 7 ಸೇತುವೆಗಳಿದ್ದವು. ಪ್ರತಿ ಸೇತುವೆಯನ್ನು ಒಂದೇ ಒಂದು ಸಲ ದಾಟಿ ಎಲ್ಲವನ್ನೂ ಮುಗಿಸಬಹುದೇ ಎಂಬುದು ಪ್ರಶ್ನೆ. ನೆಲದ ನಾಲ್ಕು ಭಾಗಗಳನ್ನು ನಾಲ್ಕು ಚುಕ್ಕಿಗಳಾಗಿ ಬರೆದರೆ ದರ್ಜೆಗಳು 5, 3, 3, 3. ನಾಲ್ಕೂ ಬೆಸ. ಬೆಸ ಚುಕ್ಕಿಗಳು ಎರಡಕ್ಕಿಂತ ಹೆಚ್ಚಿದ್ದರೆ ಆಗದು ಎಂದು ಆಯ್ಲರ್ 1736ರಲ್ಲಿ ತೋರಿಸಿದರು. ನಾನು ಕಪ್ಪುಹಲಗೆಯ ಮೇಲೆ ‘ಸಾಧ್ಯವಿಲ್ಲ’ ಎಂದು ಬರೆದು ಕೆಳಗೆ ಗೆರೆ ಎಳೆದೆ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಮಿಸ್, ಒಂದೇ ಸಲಕ್ಕೆ ಆಗಲ್ಲ ಸರಿ. ಹಾಗಾದ್ರೆ ಎಷ್ಟು ಸಲಕ್ಕೆ ಆಗುತ್ತೆ?”

ನನ್ನ ಪಾಠಯೋಜನೆಯಲ್ಲಿ ಈ ಪ್ರಶ್ನೆ ಇರಲಿಲ್ಲ. “ಅದು ಈ ಪಾಠಕ್ಕೆ ಬೇಡ, ಕೂತ್ಕೋ” ಎಂದುಬಿಟ್ಟೆ. ಅವಳು ಕುಳಿತಳು. ನನ್ನ ಅವಲೋಕನ ಪುಸ್ತಕದಲ್ಲಿ ಮಾರ್ಗದರ್ಶಕರು ಬರೆದದ್ದು ಒಂದೇ ಸಾಲು: “ಇಡೀ ಅವಧಿಯಲ್ಲಿ ಬಂದ ಒಂದೇ ಗಣಿತದ ಪ್ರಶ್ನೆಯನ್ನು ಕೂರಿಸಿಬಿಟ್ಟಿರಿ.”

ನಿಜ ಹೇಳಬೇಕೆಂದರೆ, ಉತ್ತರ ನನಗೂ ಗೊತ್ತಿರಲಿಲ್ಲ. ಆ ರಾತ್ರಿ ಹಾಳೆಯ ಮೇಲೆ ಬರೆದು ನೋಡಿ ಕಲಿತೆ.

ಎರಡನೇ ಪಾಠ

ಮರುದಿನ ಆ ಹುಡುಗಿಯ ಪ್ರಶ್ನೆಯಿಂದಲೇ ಆರಂಭಿಸಿದೆ. ನಡುವೆ ಒಂದು ಚುಕ್ಕಿ, ಅದರಿಂದ ಹೊರಡುವ 6 ಕಡ್ಡಿಗಳಿರುವ ನಕ್ಷತ್ರವನ್ನು ಬರೆದೆ. ಸೀಮೆಸುಣ್ಣ ಹಲಗೆಯನ್ನು ಬಿಡದೆ, ಬರೆದ ಗೆರೆಯ ಮೇಲೆ ಮತ್ತೆ ಹೋಗದೆ ಎಳೆಯುವುದನ್ನು ‘ಒಂದು ಎಳೆತ’ ಎಂದು ಕರೆದೆವು. ನಕ್ಷತ್ರಕ್ಕೆ 3 ಎಳೆತ ಸಾಕೆಂದು ಮಕ್ಕಳು ತಕ್ಷಣ ಕಂಡರು. ಚೌಕ ಮತ್ತು ಅದರ ಎರಡು ಕರ್ಣಗಳಿಗೆ 2 ಎಳೆತ ಬೇಕಾದವು. ಬೆಸ ಚುಕ್ಕಿಗಳನ್ನು ಎಣಿಸಿದಾಗ ನಕ್ಷತ್ರದಲ್ಲಿ 6, ಚೌಕದಲ್ಲಿ 4. “ಅರ್ಧ, ಮಿಸ್!” ಎಂಬ ಕೂಗು ಬಂತು.

ಆಗ 5 ಕಡ್ಡಿಗಳ ನಕ್ಷತ್ರ ಕೊಟ್ಟೆ. “ಎರಡೂವರೆ ಎಳೆತ” ಎಂದ ಒಬ್ಬ ಹುಡುಗ. ತರಗತಿ ನಕ್ಕಿತು. ನಾನು ಮಾತ್ರ ತಪ್ಪು ಎನ್ನದೆ ಹಲಗೆಯ ಬಳಿಗೆ ಕರೆದೆ. ಹೊರಗಿನ ಐದನ್ನು ಎಣಿಸಿ, ನಡುವಿನ ಚುಕ್ಕಿಯನ್ನು ಮುಟ್ಟಿ, “ಇದೂ ಬೆಸ!” ಎಂದ. ಒಟ್ಟು 6, ಎಳೆತ 3. ಬೆಸ ಚುಕ್ಕಿಗಳ ಸಂಖ್ಯೆ ಯಾವಾಗಲೂ ಸಮವೇ ಏಕೆ ಎಂಬುದಕ್ಕೆ ಅವನ ತಪ್ಪೇ ದಾರಿಯಾಯಿತು. ಪ್ರತಿ ಗೆರೆಗೆ ಎರಡು ತುದಿ. ಆದ್ದರಿಂದ ಎಲ್ಲ ದರ್ಜೆಗಳ ಮೊತ್ತ ಗೆರೆಗಳ ಸಂಖ್ಯೆಯ ಎರಡರಷ್ಟು, ಅಂದರೆ ಸಮ. ಬೆಸ ದರ್ಜೆಗಳು ಬೆಸ ಸಂಖ್ಯೆಯಲ್ಲಿದ್ದರೆ ಮೊತ್ತ ಸಮವಾಗದು.

ಅರ್ಧವೇ ಏಕೆ?

ಅರ್ಧಕ್ಕಿಂತ ಕಡಿಮೆ ಆಗದು: ಎಳೆತವೊಂದು ಚುಕ್ಕಿಯನ್ನು ಹಾದುಹೋದಾಗ ಅಲ್ಲಿ ಎರಡು ಗೆರೆಗಳನ್ನು ಬಳಸುತ್ತದೆ, ಒಳಬರಲು ಒಂದು, ಹೊರಹೋಗಲು ಒಂದು. ಹಾಗಾಗಿ ಬೆಸ ಚುಕ್ಕಿಯಲ್ಲಿ ಯಾವುದಾದರೂ ಒಂದು ಎಳೆತದ ತುದಿ ಇರಲೇಬೇಕು. ಒಂದು ಎಳೆತಕ್ಕೆ ಇರುವುದು ಎರಡೇ ತುದಿ.

ಅರ್ಧದಷ್ಟು ಸಾಕು: ಒಂದೇ ತುಂಡಾಗಿರುವ ಆಕೃತಿಯಲ್ಲಿ 6 ಬೆಸ ಚುಕ್ಕಿಗಳಿವೆ ಎನ್ನಿ. ಅವುಗಳನ್ನು ಎರಡೆರಡಾಗಿ ಜೋಡಿಸಿ 3 ಬಣ್ಣದ ಗೆರೆಗಳನ್ನು ತಾತ್ಕಾಲಿಕವಾಗಿ ಸೇರಿಸಿ. ಈಗ ಎಲ್ಲ ಚುಕ್ಕಿಗಳೂ ಸಮ. ಎಲ್ಲವೂ ಸಮವಾದರೆ ಹೊರಟಲ್ಲಿಗೇ ಮರಳುವ ಒಂದೇ ಎಳೆತದಲ್ಲಿ ಆಕೃತಿ ಮುಗಿಯುತ್ತದೆ. ಈ ಮಾತನ್ನು ಆಯ್ಲರ್ ಹೇಳಿದ್ದರೂ ಅದರ ಪೂರ್ಣ ಸಾಧನೆ ಪ್ರಕಟವಾದದ್ದು 1873ರಲ್ಲಿ, ಹಿಯರ್‌ಹೋಲ್ಜರ್ ಅವರಿಂದ. ಇನ್ನು ಬಣ್ಣದ ಗೆರೆಗಳನ್ನು ಅಳಿಸಿ. ಹೂಮಾಲೆಯನ್ನು ಮೂರು ಕಡೆ ಕತ್ತರಿಸಿದರೆ ಮೂರು ತುಂಡು ಉಳಿಯುವಂತೆ, ಇಲ್ಲಿಯೂ 3 ಎಳೆತಗಳು ಉಳಿಯುತ್ತವೆ.

ಕೋನಿಗ್ಸ್‌ಬರ್ಗಿಗೂ ಈಗ ಉತ್ತರ ಸಿಕ್ಕಿತು: ಎರಡು ನಡಿಗೆಗಳು ಸಾಕು. ಅದನ್ನು ಹಲಗೆಯ ಮೇಲೆ ಬರೆದವಳು ಪ್ರಶ್ನೆ ಕೇಳಿದ ಹುಡುಗಿಯೇ.

ಶಿಕ್ಷಕರ ತಿಳಿವಿಗೆ

ಆಕೃತಿಯ ಗೆರೆಗಳನ್ನು ಹೀಗೆ ಭಾಗಗಳಾಗಿ ಹಂಚುವುದಕ್ಕೆ ವಿಭಜನೆ ಎನ್ನುತ್ತಾರೆ. ಬೆಸ ಚುಕ್ಕಿಗಳ ಸಂಖ್ಯೆ ಆಕೃತಿಯ ರಚನೆಯನ್ನು ತಿಳಿಸುವ ಒಂದು ಪ್ರಾಚಲ. ಇಲ್ಲಿ ಬರೀ ಎಣಿಕೆಯಿಂದ ಉತ್ತರ ದೊರೆಯಿತು. ನಿಯಮವನ್ನು ತುಸು ಬದಲಿಸಿ ನೋಡಿ: ಒಂದು ಎಳೆತ ಯಾವ ಚುಕ್ಕಿಗೂ ಎರಡನೇ ಸಲ ಬರಬಾರದು. ಆಗ ಒಂದೇ ಎಳೆತದ ತ್ರಿಭುಜಕ್ಕೂ 2 ಬೇಕು. ಒಂದೇ ತುಂಡಾಗಿರುವ ಯಾವ ಆಕೃತಿಗಾದರೂ ಚುಕ್ಕಿಗಳ ಅರ್ಧದಷ್ಟು (ಅರ್ಧ ಉಳಿದರೆ ಒಂದು ಎಂದು ಎಣಿಸಿ) ಇಂಥ ಎಳೆತಗಳು ಸಾಕು ಎಂದು ಗಲ್ಲಾಯ್ ಊಹಿಸಿದರು. ಆವೃತ ಸುತ್ತುಗಳಿಗೂ ಅವಕಾಶ ಕೊಟ್ಟರೆ ಚುಕ್ಕಿಗಳ ಅರ್ಧವನ್ನು ಮೀರದು ಎಂದು ಲೊವಾಸ್ 1968ರಲ್ಲಿ ಸಾಧಿಸಿದರು. ಗಲ್ಲಾಯ್ ಅವರ ಊಹೆ ಮಾತ್ರ ಪೂರ್ಣವಾಗಿ ಇನ್ನೂ ಸಾಧಿತವಾಗಿಲ್ಲ. ಒಂಬತ್ತನೇ ತರಗತಿಯ ಪ್ರಶ್ನೆಯಿಂದ ಅದು ಒಂದೇ ಹೆಜ್ಜೆ ದೂರ.

ಮುಂದಿನ ಸಲಕ್ಕೆ

5 ಕಡ್ಡಿಗಳ ನಕ್ಷತ್ರವನ್ನು ಬಿಡಬೇಡಿ. ಅದು ಹೊರಡಿಸುವ ತಪ್ಪು ಉಪಯುಕ್ತ. ನನ್ನ ಪಾಠಯೋಜನೆಯಲ್ಲಿ ಈಗ ‘ಸಾಧ್ಯವಿಲ್ಲ’ ಎಂಬ ಸಾಲಿನ ಕೆಳಗೆ ಗೆರೆ ಇಲ್ಲ. ಅಲ್ಲಿ “ಹಾಗಾದರೆ ಎಷ್ಟು?” ಎಂದು ಬರೆದು, ಉತ್ತರಕ್ಕೆ ಹತ್ತು ನಿಮಿಷ ಬಿಟ್ಟಿದ್ದೇನೆ.