ಹಣ ಹೊಲಕ್ಕೆ ಹೋಗುವ ದಾರಿ

ಬೆಂಗಳೂರಿನ ದಕ್ಷಿಣ ಭಾಗದಲ್ಲಿರುವ ಜಯನಗರಕ್ಕೆ 1948ರಲ್ಲಿ ಅಸ್ತಿಭಾರ ಹಾಕಲಾಯಿತು. ಮುಂದಿನ ದಶಕಗಳಲ್ಲಿ ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳು ತಲೆಯೆತ್ತಿದವು. ರಾಗಿಯ ಹೊಲಗಳು ನಿವೇಶನಗಳಾದವು. ಇಂದು ಇಲ್ಲಿನ ಹೆದ್ದಾರಿಗಳಲ್ಲಿ ಹೆಜ್ಜೆಹೆಜ್ಜೆಗೂ ಬ್ಯಾಂಕಿನ ಶಾಖೆಗಳು ಕಾಣುತ್ತವೆ. ನಿವೃತ್ತರ ಪಿಂಚಣಿ, ನೌಕರರ ಉಳಿತಾಯ, ವರ್ತಕರ ಲಾಭ ಎಲ್ಲವೂ ಅಲ್ಲಿ ಠೇವಣಿಯಾಗಿ ಸೇರುತ್ತವೆ. ಅದೇ ವೇಳೆಗೆ ರಾಯಚೂರಿನಲ್ಲೋ ಚಿತ್ರದುರ್ಗದಲ್ಲೋ ಹದವಾದ ಮಳೆ ಬಿದ್ದ ಹೊಲದ ಬದುವಿನಲ್ಲಿ ನಿಂತ ರೈತನ ಕೈಯಲ್ಲಿ ಬೀಜ ಗೊಬ್ಬರಗಳಿಗೆ ಕಾಸಿರುವುದಿಲ್ಲ. ನಗರದ ಹಣ ಆ ಹೊಲವನ್ನು ಸೇರುವುದೆಂತು? ನೀರು ತಗ್ಗಿಗೆ ಹರಿಯುವಂತೆ ಹಣವು ಕೊರತೆಯಿರುವ ಕಡೆಗೆ ತಾನಾಗಿ ಹರಿಯುವುದಿಲ್ಲ. ಅದಕ್ಕೆ ಕಾಲುವೆ ತೋಡಬೇಕಾಗುತ್ತದೆ.

ಬೇಸಾಯದ ಸಾಲ ಇತರ ಸಾಲಗಳಂತಲ್ಲ. ಅಂಗಡಿಯವನಿಗೆ ದಿನವೂ ವ್ಯಾಪಾರವುಂಟು. ನೌಕರನಿಗೆ ತಿಂಗಳಿಗೊಮ್ಮೆ ಸಂಬಳವುಂಟು. ರೈತನಿಗಾದರೋ ವೆಚ್ಚವೆಲ್ಲ ಬಿತ್ತನೆಯ ಕಾಲದಲ್ಲಿ, ಆದಾಯವೆಲ್ಲ ಸುಗ್ಗಿಯಲ್ಲಿ. ನಡುವಣ ನಾಲ್ಕಾರು ತಿಂಗಳು ಆಕಾಶವನ್ನು ನಂಬಿ ಕಳೆಯತಕ್ಕವು. ಬಿತ್ತನೆಯ ಹದ ತಪ್ಪಿದ ಮೇಲೆ ದೊರೆತ ಸಾಲ ಬೆಳೆಯನ್ನು ತರುವುದಿಲ್ಲ, ಬಡ್ಡಿಯನ್ನು ಮಾತ್ರ ತರುತ್ತದೆ. ಹಳ್ಳಿಯ ಸಾಹುಕಾರ ಇದನ್ನು ಚೆನ್ನಾಗಿ ಬಲ್ಲ. ಅವನ ಬಡ್ಡಿ ಕ್ರೂರವಾದರೂ ಅವನ ಬಾಗಿಲು ನಡುರಾತ್ರಿಯಲ್ಲಿಯೂ ತೆರೆದಿರುತ್ತಿತ್ತು. ಲೇವಾದೇವಿಯವರನ್ನು ನಿಂದಿಸುವವರು ಈ ಮಾತನ್ನು ಮರೆಯಲಾಗದು.

ಸಾಹುಕಾರನ ಹಿಡಿತದಿಂದ ರೈತನನ್ನು ಬಿಡಿಸಲೆಂದು 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದಿತು. ಅದರ ಮರುವರ್ಷವೇ, 1905ರ ಮೇ 8ರಂದು, ಈಗಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಒಂದು ಸಂಘ ನೋಂದಣಿಯಾಯಿತು. ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಅದರ ಸ್ಥಾಪಕರು. ಭಾರತದ ಸಹಕಾರಿ ಚಳವಳಿಯ ಚರಿತ್ರೆಯಲ್ಲಿ ಈ ಪುಟ್ಟ ಗ್ರಾಮಕ್ಕೆ ಮೊದಲ ಸ್ಥಾನ. ಸಂಘದ ಬಲವೆಲ್ಲ ಪರಿಚಯದಲ್ಲಿತ್ತು. ಯಾರ ಹೊಲ ಎಂತಹದು, ಯಾರು ದುಡಿಯುವವರು, ಯಾರು ಸಾಲ ತಂದು ಜಾತ್ರೆಯಲ್ಲಿ ಕಳೆಯುವವರು ಎಂಬುದು ಸದಸ್ಯರಿಗೆಲ್ಲ ತಿಳಿದಿರುತ್ತದೆ. ಒಬ್ಬನು ಬಾಕಿ ಉಳಿಸಿಕೊಂಡರೆ ಊರೇ ಕೇಳುತ್ತದೆ.

ಆದರೆ ಈ ಬಲದಲ್ಲಿಯೇ ಒಂದು ದೌರ್ಬಲ್ಯವೂ ಅಡಗಿತ್ತು. ಮಳೆ ಕೈಕೊಟ್ಟಾಗ ಒಬ್ಬನ ಹೊಲ ಮಾತ್ರ ಒಣಗುವುದಿಲ್ಲ. ಊರಿನ ಹೊಲಗಳೆಲ್ಲ ಒಟ್ಟಿಗೆ ಒಣಗುತ್ತವೆ. ಸಾಲ ಬೇಕಾದವರೂ ಠೇವಣಿ ಇಡಬೇಕಾದವರೂ ಅವರೇ ಆಗಿರುವಾಗ ಸಂಘದ ಪೆಟ್ಟಿಗೆ ಬರಿದಾಗದೆ ಇದ್ದೀತೆ? ಹಳ್ಳಿಯ ಸಂಘಕ್ಕೆ ಜನರ ಪರಿಚಯವಿತ್ತು, ಹಣವಿರಲಿಲ್ಲ. ನಗರದ ಬ್ಯಾಂಕಿಗೆ ಹಣವಿತ್ತು, ಹಳ್ಳಿಯ ಪರಿಚಯವಿರಲಿಲ್ಲ. ಇವೆರಡನ್ನೂ ಬೆಸೆಯುವ ಪ್ರಯತ್ನವೇ ಅಲ್ಲಿಂದ ಮುಂದಿನ ಕೃಷಿಸಾಲದ ಇತಿಹಾಸ. ಮೈಸೂರು ಸಂಸ್ಥಾನದಲ್ಲಿ 1915ರಲ್ಲಿ ಸ್ಥಾಪನೆಗೊಂಡು, ಈಗ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೇಂದ್ರ ಕಚೇರಿಯನ್ನು ಹೊಂದಿರುವ ರಾಜ್ಯ ಸಹಕಾರ ಅಪೆಕ್ಸ್ ಬ್ಯಾಂಕು ಇಂತಹ ಒಂದು ಬೆಸುಗೆ. ಅದರ ಹಣ ಜಿಲ್ಲಾ ಸಹಕಾರ ಕೇಂದ್ರ ಬ್ಯಾಂಕುಗಳ ಮೂಲಕ ಹಳ್ಳಿಯ ಸಂಘಗಳಿಗೆ ಇಳಿಯುತ್ತದೆ.

ಇಷ್ಟಾದರೂ ಕಾಲುವೆ ಕಿರಿದಾಗಿಯೇ ಉಳಿಯಿತು. 1951–52ರಲ್ಲಿ ನಡೆದ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯು ತೆರೆದಿಟ್ಟ ಚಿತ್ರ ಬೆರಗು ಹುಟ್ಟಿಸುವಂಥದು. ರೈತರ ಸಾಲದಲ್ಲಿ ಲೇವಾದೇವಿಯವರ ಪಾಲು ಶೇಕಡ 70ರಷ್ಟಿತ್ತು. ಸಹಕಾರಿ ಸಂಘಗಳದು 3.1, ವಾಣಿಜ್ಯ ಬ್ಯಾಂಕುಗಳದು ಕೇವಲ 0.9. ಬ್ಯಾಂಕುಗಳು ಗಿರಣಿಗೆ, ವರ್ತಕನಿಗೆ ಸಾಲ ನೀಡುತ್ತಿದ್ದವೇ ಹೊರತು ಹೊಲದತ್ತ ತಿರುಗಿ ನೋಡುತ್ತಿರಲಿಲ್ಲ. 1969ರ ಜುಲೈ 19ರಂದು ಹದಿನಾಲ್ಕು ದೊಡ್ಡ ಬ್ಯಾಂಕುಗಳು ರಾಷ್ಟ್ರೀಕೃತವಾದ ಮೇಲೆ ಈ ರೀತಿ ಬದಲಾಯಿತು. ಮಂಗಳೂರಿನಲ್ಲಿ 1906ರಲ್ಲಿ ಹುಟ್ಟಿದ ಕೆನರಾ ಬ್ಯಾಂಕು ಅವುಗಳಲ್ಲೊಂದು. 1975ರಿಂದ ಗ್ರಾಮೀಣ ಬ್ಯಾಂಕುಗಳು ಬಂದವು. 1982ರಲ್ಲಿ, ಇವೆಲ್ಲಕ್ಕೂ ಹಿಂದಿನಿಂದ ಹಣ ಒದಗಿಸಲು ನಬಾರ್ಡ್ ಹುಟ್ಟಿತು.

ಈಗಿನ ನಿಯಮದಂತೆ ವಾಣಿಜ್ಯ ಬ್ಯಾಂಕುಗಳು ತಮ್ಮ ಸಾಲದಲ್ಲಿ ಶೇಕಡ 18ರಷ್ಟನ್ನು ಕೃಷಿಗೆ ಕೊಡತಕ್ಕದ್ದು. ಈ ಗುರಿಯನ್ನು ಮುಟ್ಟದ ಬ್ಯಾಂಕು ಕೊರತೆಯ ಹಣವನ್ನು ನಬಾರ್ಡಿನಂತಹ ಸಂಸ್ಥೆಗಳ ನಿಧಿಯಲ್ಲಿಡಬೇಕು. 1995ರಲ್ಲಿ ಆರಂಭವಾದ ಗ್ರಾಮೀಣ ಮೂಲಸೌಕರ್ಯ ನಿಧಿಯು ಹೀಗೆ ಕೂಡಿದ ಹಣವೇ. ಜಯನಗರದ ಗೃಹಸ್ಥನ ಠೇವಣಿ ಈ ದಾರಿಯಲ್ಲಿ ಸಾಗಿ, ಅವನು ಎಂದೂ ಕಾಣದ ಹಳ್ಳಿಯೊಂದರ ಸೇತುವೆಯಾಗಿರಲು ಸಾಧ್ಯ. ಆದರೆ ಸೇತುವೆಯಿಂದ ಬಿತ್ತನೆಯ ಬೀಜ ಬರುವುದಿಲ್ಲವೆಂಬುದೂ ನಿಜ.

ಠೇವಣಿಯ ಹಣ ಬ್ಯಾಂಕಿನ ಸ್ವಂತದ್ದಲ್ಲ, ಕೇಳಿದಾಗ ಹಿಂದಿರುಗಿಸಲೇಬೇಕು. ಸಾಲ ಮರಳಿ ಬರುವ ಭರವಸೆಯನ್ನು ಬ್ಯಾಂಕು ಹುಡುಕುವುದು ಇದಕ್ಕಾಗಿ. ಕ್ಷಾಮದಲ್ಲಿ ನೊಂದವನಿಂದ ವಸೂಲಿ ಮಾಡುವುದು ಅನ್ಯಾಯವೆಂದು ಸರ್ಕಾರಗಳು 1990ರಲ್ಲಿ, 2008ರಲ್ಲಿ, ಕರ್ನಾಟಕದಲ್ಲಿ 2018ರಲ್ಲಿ ಸಾಲಮನ್ನಾ ಮಾಡಿದವು. ಅನೇಕರ ಎದೆಯ ಭಾರ ಇಳಿಯಿತು. ಆದರೆ 2008ರ ಮನ್ನಾದಲ್ಲಿ, ಒಡವೆ ಮಾರಿಯಾದರೂ ಕಾಲಕ್ಕೆ ಸರಿಯಾಗಿ ಸಾಲ ತೀರಿಸಿದ್ದವನಿಗೆ ಏನೂ ದೊರೆಯಲಿಲ್ಲ. ಮುಂದಿನ ಹಂಗಾಮಿನಲ್ಲಿ ಅಂಥವನ ಮನಸ್ಸು ಯಾವ ಕಡೆಗೆ ವಾಲೀತು?

ಇನ್ನೂ ಕಠಿನವಾದ ತೊಡಕೊಂದಿದೆ. ಸಾಲ ಕೊಡುವವರು ಮೊದಲು ಕೇಳುವುದು ಪಹಣಿಯನ್ನು. ಎರಡು ಲಕ್ಷ ರೂಪಾಯಿಯವರೆಗಿನ ಕೃಷಿಸಾಲಕ್ಕೆ ಅಡಮಾನ ಬೇಡವೆಂದು 2025ರ ಜನವರಿಯಿಂದ ನಿಯಮವಾಗಿದ್ದರೂ, ಬೇಸಾಯ ಮಾಡುವವನು ತಾನೆಂದು ತೋರಿಸಲು ಕಾಗದ ಬೇಕು. ಕರ್ನಾಟಕದಲ್ಲಿ 1974ರ ಭೂಸುಧಾರಣೆಯು ಅಸಂಖ್ಯಾತ ಗೇಣಿದಾರರನ್ನು ಒಡೆಯರನ್ನಾಗಿಸಿ, ಹೊಸದಾಗಿ ಗೇಣಿಗೆ ಕೊಡುವುದನ್ನು ಬಹುಮಟ್ಟಿಗೆ ನಿಷೇಧಿಸಿತು. ಆದರೂ ಬಾಯಿಮಾತಿನ ಒಪ್ಪಂದದಲ್ಲಿ ಬೇರೆಯವರ ಹೊಲ ಉಳುವವರು ಹಳ್ಳಿಹಳ್ಳಿಗಳಲ್ಲಿ ಇದ್ದಾರೆ. ಹೊಲದ ಒಡೆಯ ನಗರದಲ್ಲಿದ್ದರೂ ಪಹಣಿಯಲ್ಲಿರುವುದು ಅವನ ಹೆಸರು. ಬಿತ್ತುವವನ ಹೆಸರು ಅಲ್ಲಿಲ್ಲ. ಇಂಥವರ ಸಲುವಾಗಿ ನಾಲ್ಕಾರು ಮಂದಿ ಕೂಡಿ ಒಬ್ಬರಿಗೊಬ್ಬರು ಹೊಣೆಯಾಗುವ ಜಂಟಿ ಹೊಣೆಗಾರಿಕೆ ಗುಂಪುಗಳ ಏರ್ಪಾಡು ಉಂಟು. ಕಣಗಿನಹಾಳದ ಹಳೆಯ ತತ್ತ್ವವೇ ಅದು. ಅಂತಹ ಗುಂಪು ಇಲ್ಲದ ಊರಿನಲ್ಲಿ ಅವನು ಗೊಬ್ಬರದ ಅಂಗಡಿಯಿಂದ ಕಡ ತರುತ್ತಾನೆ. ಸುಗ್ಗಿಯಲ್ಲಿ ಬೆಳೆಯನ್ನು ಆ ವರ್ತಕನಿಗೆ, ಅವನು ಹೇಳಿದ ಬೆಲೆಗೆ, ಅಳೆದುಕೊಡುತ್ತಾನೆ.